ಜೇಸನ್‌ನ ಎಂಟನೇ ಭಾಗವನ್ನು ನಿದ್ದೆ ಹೋಗದೆ ನೋಡುವುದು ಹೇಗೆ

ಮುಖವಾಡ ಹಾಕಿಕೊಂಡು ಕಂಡವರನ್ನೆಲ್ಲ ಕೊಲ್ಲುವ ಜೇಸನ್‌ನ ಕಥೆ ಇರುವ ಫ್ರೈಡೇ ದ ಥರ್ಟೀನ್ತ್ ಅನ್ನೋ ಅಮೆರಿಕದ ಹಾರರ್ ಸಿನಿಮಾ ಸರಣಿ ಹಿಡಿದವರು ಒಂದಲ್ಲ ಒಂದು ದಿನ 1989ರ ಎಂಟನೇ ಭಾಗಕ್ಕೆ ಬಂದು ಸಿಕ್ಕಿಬೀಳುತ್ತಾರೆ. ಹೆಸರು 'ಜೇಸನ್ ಟೇಕ್ಸ್ ಮ್ಯಾನ್‌ಹಟನ್'. ಮ್ಯಾನ್‌ಹಟನ್ ಇರುವುದು ನ್ಯೂಯಾರ್ಕಿನಲ್ಲಿ. ಆದರೆ ಹೆಚ್ಚುಕಡಿಮೆ ಒಂದು ತಾಸು ಕಥೆ ಹಡಗು ಬಿಟ್ಟು ಇಳಿಯುವುದೇ ಇಲ್ಲ. ಹಂಪಿ ತೋರಿಸ್ತೀನಿ ಬಾ ಅಂತ ಬಳ್ಳಾರಿಯಿಂದ ಕರ್ಕೊಂಡು ಹೋಗಿ, ತೋರಣಗಲ್ಲಿನಲ್ಲೇ ಅರ್ಧ ದಿನ ಕೂರಿಸಿದ ಹಾಗೆ.

ನಾನು ಮೊದಲ ಸಲ ಒಬ್ಬನೇ ನೋಡಿ ಅರ್ಧಕ್ಕೇ ಗೊರಕೆ ಹೊಡೆದೆ. ಅದಕ್ಕೇ ಹೇಳುತ್ತಿದ್ದೇನೆ, ಒಬ್ಬರೇ ಕೂರಬೇಡಿ. ನಮ್ಮ ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಮನೆಯೊಳಗೆ ಕುದಿಯುತ್ತಿರುತ್ತದೆ, ಅಲ್ವಾ? ಮಾಳಿಗೆಗೆ ನಾಲ್ಕು ಬಕೆಟ್ ನೀರು ಹೊಡೆದು, ಚಾಪೆ ಹಾಸಿ, ಲ್ಯಾಪ್‌ಟಾಪ್ ಇಟ್ಟು, ಬಾಯಿ ಸುಮ್ನಿರದ ಇಬ್ಬರು ಗೆಳೆಯರನ್ನು ಕರೆಯಿರಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಂಜೆಯೇ ಕಟ್ಟಿಸಿಕೊಂಡು ಬನ್ನಿ. ಒಗ್ಗರಣೆ ಮೆತ್ತಗಾಗಿರುತ್ತದೆ, ಆದರೂ ಸಿನಿಮಾಗಿಂತ ವಾಸಿ.

ಹಿಂದಿನ ಏಳೂ ನೋಡಲೇಬೇಕು ಅಂತೇನಿಲ್ಲ. 1980ರ ಮೊದಲನೆಯದು ನೋಡಿ, ಅದರಲ್ಲಿ ಕೊಲೆಗಾರ ಜೇಸನ್ ಅಲ್ಲವೇ ಅಲ್ಲ. ಅವನಿಗೆ ಆ ಹಾಕಿ ಮುಖವಾಡ ಸಿಗುವುದು 1982ರ ಮೂರನೆಯದರಲ್ಲಿ, ಅದನ್ನೂ ನೋಡಿ. 1984ರಲ್ಲಿ 'ಕೊನೇ ಅಧ್ಯಾಯ' ಅಂತ ಹೆಸರಿಟ್ಟು ನಾಲ್ಕನೆಯದು ಬಿಟ್ಟವರು ಮರುವರ್ಷವೇ ಐದನೆಯದು ತಂದರು. ಇವರ ಮಾತನ್ನು ಎಷ್ಟು ನಂಬಬೇಕು ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ.

ಹಡಗಿನ ಭಾಗದಲ್ಲಿ ಮಾತಾಡಿ, ತಿನ್ನಿ, ಯಾರು ಯಾವಾಗ ಸಾಯ್ತಾರೆ ಅಂತ ಪಂಥ ಕಟ್ಟಿ. ನ್ಯೂಯಾರ್ಕ್ ಬಂದ ಮೇಲೆ ಸುಮ್ಮನಾಗಿ. ಅಲ್ಲೂ ಜಾಸ್ತಿ ನಿರೀಕ್ಷೆ ಬೇಡ. ನ್ಯೂಯಾರ್ಕಲ್ಲಿ ಶೂಟಿಂಗ್ ದುಬಾರಿ, ಕೈಯಲ್ಲಿದ್ದ ದುಡ್ಡು ಕಮ್ಮಿ, ಹಾಗಾಗಿ ಬಹುಪಾಲು ಕೆನಡಾದ ವ್ಯಾಂಕೂವರ್‌ನಲ್ಲೇ ತೆಗೆದರು. ಟೈಮ್ಸ್ ಸ್ಕ್ವೇರ್ ಮಾತ್ರ ಅಸಲಿ. ಅಲ್ಲಿ ಪುಂಡು ಹುಡುಗರ ಟೇಪ್‌ರೆಕಾರ್ಡರ್‌ಗೆ ಜೇಸನ್ ಒಂದು ಒದೆ ಕೊಡುತ್ತಾನೆ, ಅವರು ಚಾಕು ತೆಗೆದರೆ ಬರೀ ಮುಖವಾಡ ಎತ್ತಿ ತೋರಿಸುತ್ತಾನೆ, ಅಷ್ಟಕ್ಕೇ ಎಲ್ಲರೂ ಪರಾರಿ. ಇಡೀ ಸಿನಿಮಾ ಹೀಗೇ ಇದ್ದಿದ್ದರೆ ನಾನು ಇದನ್ನು ಬರೆಯುವ ಕಷ್ಟವೇ ಇರಲಿಲ್ಲ.

ಸಿನಿಮಾದೊಳಗೆ ಒಂದು ಮಾಳಿಗೆ ಮೇಲೆ ನಡೆಯುವ ಬಾಕ್ಸಿಂಗ್ ಜಗಳ ಮಾತ್ರ ತಪ್ಪಿಸಬೇಡಿ. ಹುಡುಗ ಗುದ್ದಿ ಗುದ್ದಿ ಸುಸ್ತಾಗುತ್ತಾನೆ, ಜೇಸನ್ ಒಂದೇ ಗುದ್ದಿಗೆ ತಲೆ ಹಾರಿಸುತ್ತಾನೆ. ನಾವು ಅದನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆವು, ಪಕ್ಕದ ಮನೆ ಅಜ್ಜ ಎದ್ದು ಬಂದು ಬೈಯುವವರೆಗೂ. ಚರಂಡಿಯೊಳಗಿನ ಕ್ಲೈಮ್ಯಾಕ್ಸ್ ಶುರುವಾಯಿತೋ, ಚಾಪೆ ಸುತ್ತಿ.