ಜುಲೈ ತಿಂಗಳ ಶುಲ್ಕ, ಆಗಸ್ಟ್ ತಿಂಗಳ ಮೀನು

ಸರ್ಕಾರಿ ವಿಶ್ವವಿದ್ಯಾಲಯವೊಂದಕ್ಕೆ ಸೇರಿದ ಕಾರವಾರ ಭಾಗದ ಕೇಂದ್ರದಲ್ಲಿ ನಾನು ಲೆಕ್ಕಪತ್ರ ಅಧೀಕ್ಷಕ. ಚಳಿಗಾಲ ಶುರುವಾಗುವ ಹೊತ್ತಿಗೆ ಘಟ್ಟದ ಮೇಲಿನಿಂದ ಹಣಕಾಸು ಅಧಿಕಾರಿಗಳ ಸುತ್ತೋಲೆ ಬರುತ್ತದೆ. ಜೊತೆಗೊಂದು ಬಜೆಟ್ ನಮೂನೆ. ಅದರಲ್ಲಿ ನಾಲ್ಕು ಕಾಲಂ: ಹಿಂದಿನ ವರ್ಷದ ವಾಸ್ತವ ವೆಚ್ಚ, ಚಾಲ್ತಿ ವರ್ಷಕ್ಕೆ ಮಂಜೂರಾದದ್ದು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಬೇಡಿಕೆ. ನಾವು ತುಂಬಿದ್ದು ಹಣಕಾಸು ಸಮಿತಿಗೆ, ಅಲ್ಲಿಂದ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿಗೆ ಹೋಗುತ್ತದೆ. ಮೊದಲೆರಡು ವರ್ಷ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಖರ್ಚಿನ ಪ್ರತಿ ಶೀರ್ಷಿಕೆಗೂ ಶೇ. 10 ಸೇರಿಸಿ ಕಳಿಸಿದೆ. ಮೇಲಿನವರೂ ಎಲ್ಲರಿಗೂ ಮಾಡುವುದನ್ನೇ ಮಾಡಿದರು. ಸೇರಿಸಿದ್ದನ್ನು ಸವರಿ ಹಾಕಿದರು.

ನಿಜವಾಗಿ ಎಡವಿದ್ದು ಆದಾಯದ ಪುಟದಲ್ಲಿ. ಪ್ರವೇಶ ಮಿತಿಯನ್ನು ಶುಲ್ಕದಿಂದ ಗುಣಿಸಿ ಬರೆದುಬಿಟ್ಟಿದ್ದೆ. 30 ಸೀಟಿನ ತರಗತಿಗೆ ಬಂದವರು 19 ಮಂದಿ. ಸಾಲದ್ದಕ್ಕೆ, ಕೋರ್ಸು ಮುಗಿದ ಮೇಲೆ ವಾಪಸು ಕೊಡಬೇಕಾದ ಗ್ರಂಥಾಲಯದ ಠೇವಣಿಯನ್ನೂ ಆದಾಯವೆಂದೇ ಹಿಡಿದಿದ್ದೆ. ಲೆಕ್ಕಪರಿಶೋಧನೆಗೆ ಬಂದವರು ಆ ಸಾಲಿನ ಸುತ್ತ ಗೆರೆ ಎಳೆದು, "ಇದು ನಿಮ್ಮ ದುಡ್ಡಲ್ಲ, ಮಕ್ಕಳ ದುಡ್ಡು" ಎಂದರು. ಅಷ್ಟೇ ಹೇಳಿದ್ದು; ನಾನು ಆ ದಿನ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ.

ಅಂದಿನಿಂದ ನನ್ನದೇ ಒಂದು ದಪ್ಪ ವಹಿ ಇಟ್ಟುಕೊಂಡಿದ್ದೇನೆ. ವಿಧಿಸಿದ್ದು, ಕೈಗೆ ಬಂದದ್ದು, ಸರ್ಕಾರದಿಂದ ಬರಬೇಕಾದದ್ದು ಎಂದು ಮೂರು ಭಾಗ. ಮೂರನೆಯದೇ ಮೋಸದ್ದು. ವಿದ್ಯಾರ್ಥಿವೇತನದ ಅರ್ಜಿಗೆ ಜೋಡಿಕೊಂಡ ಶುಲ್ಕ ಮರುಪಾವತಿ ಮಾರ್ಚ್ 31 ದಾಟಿ ಬರುವುದುಂಟು. ಕಾಗದದ ಮೇಲೆ ಅದು ಈ ವರ್ಷದ ಆದಾಯ. ಕರೆಂಟ್ ಬಿಲ್ಲಿಗೆ ಮಾತ್ರ ಅದು ಒದಗುವುದಿಲ್ಲ. ಈಗ ನಾನು ಖರ್ಚಿನ ಯೋಜನೆ ಹಾಕುವುದು ಎರಡನೇ ಭಾಗವನ್ನು ನೋಡಿ, ಅದೂ ಹಿಂದಿನ ಮೂರು ವರ್ಷಗಳ ಸರಾಸರಿಯ ಮೇಲೆ.

ಖರ್ಚಿನ ಕಡೆ ನಮ್ಮದು ಕರಾವಳಿಯ ಕಷ್ಟ. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಬೇಕು, ಉಪ್ಪುಗಾಳಿಗೆ ಕಿಟಕಿಯ ಸರಳುಗಳು ತುಕ್ಕು ಹಿಡಿಯುತ್ತವೆ. ಘಟ್ಟದ ಮೇಲೆ ಕೂತವರಿಗೆ ಇದು ಮಾತಿನಲ್ಲಿ ಅರ್ಥವಾಗುವುದಿಲ್ಲವೆಂದು ಒಮ್ಮೆ ಕಳಚಿ ಬಂದ ಸರಳೊಂದರ ಫೋಟೋವನ್ನೇ ಬೇಡಿಕೆಯ ಜೊತೆ ಲಗತ್ತಿಸಿದೆ. ಆ ವರ್ಷ ದುರಸ್ತಿಯ ಮೊತ್ತಕ್ಕೆ ಕತ್ತರಿ ಬೀಳಲಿಲ್ಲ. ಇನ್ನು ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ದೋಣಿ ಬಾಡಿಗೆ. ನಿಯಮದಂತೆ ಮೂರು ದರಪಟ್ಟಿ ಬೇಕು. ಬೈತಖೋಲ ಬಂದರಿನಿಂದ ಮೂವರು ಕೊಟ್ಟರು ನಿಜ, ಮೂರೂ ಒಂದೇ ನೋಟ್‌ಬುಕ್ಕಿನ ಹಾಳೆ, ಒಂದೇ ಕೈಬರಹ. ವಿಚಾರಿಸಿದರೆ, ಮೂವರಲ್ಲಿ ಬರೆಯಲು ಬರುವವನು ಒಬ್ಬನೇ ಎಂಬ ಉತ್ತರ ಬಂತು. ಮತ್ತೆ ಬೇರೆ ಬೇರೆಯಾಗಿ ಬರೆಸಿ, ಸಹಿ ಹಾಕಿಸಿ ತಂದೆ.

ಶುಲ್ಕ ಪರಿಷ್ಕರಣೆಯ ವಿಷಯ ಬಂದದ್ದು ಅದರ ಮರುವರ್ಷ. ನಿವೃತ್ತರ ಪಿಂಚಣಿಯ ಹೊರೆ ಏರುತ್ತಿತ್ತು, ಆಂತರಿಕ ಸಂಪನ್ಮೂಲ ಹೆಚ್ಚಿಸಿ ಎಂಬ ಒತ್ತಡವಿತ್ತು, ಕೇಂದ್ರಗಳ ಅಭಿಪ್ರಾಯ ಕೇಳಿದರು. ಬೋಧನಾ ಶುಲ್ಕ ಮುಟ್ಟಿದರೆ ಗಲಾಟೆಯಾಗುತ್ತದೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಏರಿಕೆ ನುಸುಳುವುದು ಕ್ರೀಡೆ, ಗುರುತಿನ ಚೀಟಿ, ಅಭಿವೃದ್ಧಿ ನಿಧಿ ಎಂಬ ಸಣ್ಣ ಸಣ್ಣ ಸಾಲುಗಳಲ್ಲಿ. ರಸೀದಿಯ ಕೊನೆಯ ಮೊತ್ತವನ್ನಷ್ಟೇ ನೋಡುವ ತಂದೆತಾಯಿಗೆ ಯಾವ ಸಾಲಾದರೇನು? ನನಗೆ ಈ ಜಾಣತನ ಹಿಡಿಸುವುದಿಲ್ಲ; ಹಾಗೆಂದೇ ಬರೆದೆ.

ಆದರೆ ನನ್ನ ಟಿಪ್ಪಣಿಯ ತಿರುಳು ಮೊತ್ತದ ಬಗ್ಗೆ ಇರಲಿಲ್ಲ, ದಿನಾಂಕದ ಬಗ್ಗೆ ಇತ್ತು. ಹಿಂದಿನ ಜುಲೈಯಲ್ಲಿ ಕೌಂಟರಿಗೆ ಬಂದವರೊಬ್ಬರು ಕೊಡೆಯನ್ನು ಬಾಗಿಲಿಗೆ ಒರಗಿಸಿ, ಪ್ಲಾಸ್ಟಿಕ್ ಕವರಿನಿಂದ ನೋಟು ತೆಗೆದು ಎಣಿಸಿದರು. ಅರ್ಧದಷ್ಟೇ ಇತ್ತು. "ಸಾಹೇಬರೇ, ಬೋಟು ದಡದಲ್ಲಿದೆ. ಆಗಸ್ಟ್ ಒಂದಕ್ಕೆ ಕಡಲಿಗಿಳಿಯುತ್ತದೆ. ಉಳಿದದ್ದು ಆಮೇಲೆ ಕೊಟ್ಟರೆ ಆಗುವುದಿಲ್ಲವೇ?" ಆಗುವುದಿಲ್ಲ ಎಂದೆ, ಗಣಕಯಂತ್ರ ಅರ್ಧ ಹಣಕ್ಕೆ ರಸೀದಿ ಕೊಡುತ್ತಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ಬೋಟಿನ ಕೆಲಸದವರ ಕೈ ಖಾಲಿಯಾಗಿರುವ ಆ ಎರಡು ತಿಂಗಳಲ್ಲೇ ನಮ್ಮ ಶುಲ್ಕದ ಗಡುವು ಬೀಳುತ್ತಿತ್ತು. ಇಷ್ಟು ವರ್ಷ ಇಲ್ಲಿಯೇ ಇದ್ದೂ ನನಗೆ ಅದು ಹೊಳೆದಿರಲಿಲ್ಲ.

ಎರಡು ಕಂತು ಮಾಡಿ ಎಂದು ಕೇಳಿದೆ. ಮೊದಲ ಸಲ ಕಡತ ಹಾಗೆಯೇ ವಾಪಸು ಬಂತು. 2024ರಲ್ಲಿ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ನದಿಗೆ ಬಿತ್ತು. ಕುಮಟಾ ಕಡೆಯ ಮಕ್ಕಳು ಬರುವುದೇ ದುಸ್ತರವಾಗಿದ್ದಾಗ ವಿಳಂಬ ಶುಲ್ಕ ಕೇಳುವ ಮುಖ ಯಾರಿಗಿತ್ತು? ಅದನ್ನು ಮನ್ನಾ ಮಾಡಿಸುವ ಪತ್ರದಲ್ಲೇ ಕಂತಿನ ಮಾತನ್ನೂ ಮತ್ತೆ ಸೇರಿಸಿದೆ. ಈ ಬಾರಿ ಒಪ್ಪಿಗೆ ಬಂತು.

ಎರಡನೇ ಕಂತನ್ನು ಎಲ್ಲಿಡುವುದೆಂಬುದಕ್ಕೆ ಕಚೇರಿಯಲ್ಲಿ ಅರ್ಧ ದಿನ ವಾದವಾಯಿತು. ಆಗಸ್ಟ್ ಕೊನೆ ಎಂದರು ಒಬ್ಬರು. ಚೌತಿಯ ಖರ್ಚಿನ ಮುಂದೆ ಶುಲ್ಕ ನಿಲ್ಲುತ್ತದೆಯೇ? ಚೌತಿ ಕಳೆದ ಮೇಲೆ ಎರಡು ವಾರ ಬಿಟ್ಟು ಇಟ್ಟೆವು. ಇದರಿಂದ ಜುಲೈಯಲ್ಲಿ ನನ್ನ ಕೈಯಲ್ಲಿರುವ ಹಣ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಪ್ರಯೋಗಾಲಯದ ರಾಸಾಯನಿಕಗಳ ಖರೀದಿಯನ್ನು ಅಕ್ಟೋಬರಿಗೆ ದೂಡಿದ್ದೇನೆ. ಆ ವಿಭಾಗದ ಮುಖ್ಯಸ್ಥರು ಈಗ ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರಕ್ಕೆ ಮೊದಲು ಫಾರ್ಮಾಲಿನ್ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ.