ಕರಗಿದ ಸಿಮೆಂಟ್, ಎದ್ದು ನಿಂತ ಫಿಲ್ಲಿಂಗ್

ಹೋಟೆಲ್ ನಡೆಸುವ ಒಬ್ಬರು ಒಂದೇ ಹಲ್ಲಿಗಾಗಿ ಮೂರನೇ ಸಲ ನನ್ನ ಕ್ಲಿನಿಕ್ಕಿಗೆ ಬಂದರು. ಒಂದೂವರೆ ವರ್ಷದಲ್ಲಿ ಆ ದವಡೆ ಹಲ್ಲಿಗೆ ನಾನೇ ಎರಡು ಸಲ ಗ್ಲಾಸ್ ಅಯನೋಮರ್ ಸಿಮೆಂಟ್ ತುಂಬಿದ್ದೆ. ಎರಡೂ ಸಲ ಸವೆದು ಗುಳಿ ಬಿದ್ದಿತ್ತು. "ಡಾಕ್ಟ್ರೇ, ಈ ಸಲ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ, ಗಟ್ಟಿ ಸಿಮೆಂಟ್ ಹಾಕಿ" ಅಂದರು.

ಅವತ್ತು ಹಲ್ಲುಗಳನ್ನೆಲ್ಲ ಗಾಳಿ ಊದಿ ಒಣಗಿಸಿ ನೋಡಿದೆ. ಮೊದಲ ಸಲವೇ ಮಾಡಬೇಕಿದ್ದ ಕೆಲಸ ಅದು. ಪಕ್ಕದ ಹಲ್ಲಿನಲ್ಲಿ ಹಳೆಯ ಬೆಳ್ಳಿ ಫಿಲ್ಲಿಂಗ್ ಇತ್ತು. ಕೆರೆಯ ನೀರು ಇಳಿದಾಗ ಬಂಡೆ ಕಾಣುತ್ತದಲ್ವಾ, ಹಾಗೆ ಅದು ಹಲ್ಲಿಗಿಂತ ಮೇಲೆ ಎದ್ದು ನಿಂತಿತ್ತು. ಹಲ್ಲು ಕಡಿದು ಸವೆದಿದ್ದರೆ ಎರಡೂ ಒಟ್ಟಿಗೆ ಸವೆಯಬೇಕಿತ್ತು. ಇಲ್ಲಿ ಬೆಳ್ಳಿ ಹಾಗೇ ಉಳಿದು, ಸುತ್ತಲಿನ ಹಲ್ಲು ಕರಗಿ ಇಳಿದಿತ್ತು. ಮೇಲಿನ ಮುಂದಿನ ಹಲ್ಲುಗಳ ಹಿಂಬದಿಗೆ ಕನ್ನಡಿ ಹಿಡಿದೆ. ನುಣ್ಣಗೆ, ಹಳದಿಯಾಗಿ ಡೆಂಟಿನ್, ಅಂದರೆ ಹಲ್ಲಿನ ಒಳಪದರ, ಕಾಣುತ್ತಿತ್ತು. ಒಸಡಿನ ಅಂಚಿಗೆ ಮಾತ್ರ ದಾರದಷ್ಟು ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ.

"ಎದೆ ಉರಿ ಇದೆಯಾ?" ಅಂತ ಕೇಳಿದೆ.

"ಉರಿ ಏನಿಲ್ಲ. ಬೆಳಿಗ್ಗೆ ಎದ್ದಾಗ ಬಾಯಿ ಹುಳಿ ಹುಳಿ ಅಷ್ಟೇ."

ಹೋಟೆಲ್ ಬಾಗಿಲು ಹಾಕಿ ರಾತ್ರಿ 11ಕ್ಕೆ ಊಟ, 11.30ಕ್ಕೆ ಹಾಸಿಗೆ. ಮಲಗಿದಾಗ ಹೊಟ್ಟೆಯ ಆಮ್ಲ ಮೇಲೆ ಬರುತ್ತಿತ್ತು. ನಿದ್ದೆಯಲ್ಲಿ ಎಂಜಲೂ ಕಡಿಮೆ, ತೊಳೆದು ಹಾಕುವವರಿಲ್ಲ. ಹುಳಿಯ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್ ಕರಗಲು ಶುರುವಾಗುತ್ತದೆ. ಹೊಟ್ಟೆಯ ಆಮ್ಲದ್ದು 1ರಿಂದ 2. ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ, ಲೆಕ್ಕ ಹಾಕಿ ನೋಡಿ.

ಗ್ಲಾಸ್ ಅಯನೋಮರ್ ಈ ಆಮ್ಲಕ್ಕೆ ಬೇಗ ಸೋಲುತ್ತದೆ. ಅದರ ಕಣಗಳನ್ನು ಹಿಡಿದಿಟ್ಟ ಅಂಟೇ ಬಿಟ್ಟುಕೊಳ್ಳುತ್ತದೆ. ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್ ಆದ ಕಾಂಪೋಸಿಟ್ ಹಾಗೆ ಕರಗುವುದಿಲ್ಲ, ಆದರೆ ನಿಧಾನವಾಗಿ ಮೇಲ್ಮೈ ಮೆತ್ತಗಾಗಿ ಒರಟಾಗುತ್ತದೆ, ಹೊಳಪು ಹೋಗಿ ಕಾಫಿ ಕಲೆ ಹಿಡಿಯುತ್ತದೆ. ಪಿಂಗಾಣಿ ಕ್ಯಾಪಿನ ಹೊಳಪೂ ಹೋಗಬಹುದು. ಒರಟಾದ ಪಿಂಗಾಣಿ ಎದುರಿನ ಹಲ್ಲನ್ನು ಉಜ್ಜಿ ತಿನ್ನುತ್ತದೆ. ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್ ಕ್ಯಾಪ್ ಚೆನ್ನಾಗಿ ತಡೆಯುತ್ತದೆ. ಆದರೆ ಅದರ ಅಂಚಿನಲ್ಲಿರುವುದು ಅದೇ ಹಲ್ಲು ತಾನೇ? ಅದು ಕರಗಿದರೆ ಸಂದು ಬೀಳುತ್ತದೆ. ಅವರು ಕೇಳಿದ "ಗಟ್ಟಿ ಸಿಮೆಂಟ್" ನನ್ನ ಹತ್ತಿರ ಇರಲಿಲ್ಲ.

ಹಾಗಾಗಿ ಆ ದಿನ ಏನೂ ತುಂಬಲಿಲ್ಲ. ಜುಮ್ ಅನ್ನುವ ಕಡೆ ತೆಳುವಾಗಿ ಮುಚ್ಚಿದೆ, ಅಷ್ಟೇ. ಫೋಟೋ ತೆಗೆದು, ಅಳತೆ ಅಚ್ಚು ಮಾಡಿಟ್ಟು, ಹೊಟ್ಟೆಯ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ. ಬಾಯಿ ಹುಳಿಯಾದ ತಕ್ಷಣ ಹಲ್ಲುಜ್ಜಬೇಡಿ, ಮೆತ್ತಗಾದ ಎನಾಮೆಲ್ ಬ್ರಷ್ಷಿಗೇ ಹೋಗುತ್ತದೆ ಅಂತ ಹೇಳಿದೆ. ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗುಳಬೇಕು, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಬೇಕು. ವಾಂತಿಯಾಗುವ ಬಸುರಿಯರಿಗೂ ನಾನು ಇದನ್ನೇ ಹೇಳುವುದು.

ಆರು ತಿಂಗಳ ಬಳಿಕ ಹೊಸ ಅಚ್ಚನ್ನು ಹಳೆಯದರ ಪಕ್ಕ ಇಟ್ಟೆ. ಸವೆತ ಮುಂದುವರಿದಿರಲಿಲ್ಲ. ಆಮೇಲೆ ಕಾಂಪೋಸಿಟ್. ಆಮ್ಲ ತಿಂದು ಗಾಜಿನಂತಾದ ಡೆಂಟಿನ್‌ಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಮೊದಲು ಹಲ್ಲು ಕೊರೆಯುವ ಬರ್‌ನಿಂದ ಹಗುರವಾಗಿ ಒರಟು ಮಾಡಿದೆ, ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಕಟ್ಟಿ ಎಂಜಲು ತಡೆದೆ. ಗುಳಿಯನ್ನಷ್ಟೇ ಅಲ್ಲದೆ ಸುತ್ತ ಕರಗಿದ ಜಾಗವನ್ನೂ ಸೇರಿಸಿ ಮುಚ್ಚಿದೆ.

ಈಗ ಎರಡು ವರ್ಷವಾಯಿತು. ಮೊನ್ನೆ ಬಂದಾಗ ಒಂದು ಅಂಚಿನಲ್ಲಿ ಸ್ವಲ್ಪ ಕಂದು ಗೆರೆ ಇತ್ತು, ಪಾಲಿಶ್ ಮಾಡಿ ಕಳಿಸಿದೆ. ಅವರ ಊಟ ಈಗ ಎಂಟೂವರೆಗೆ. ಆಮೇಲೆ ಗಲ್ಲಾದಲ್ಲಿ ಮಗ ಕೂರುತ್ತಾನಂತೆ.