ಹಂಚಿನ ಮನೆ ಕೆಡವುವ ಮೊದಲು ಒಮ್ಮೆ ಅಟ್ಟ ಹತ್ತಿ

ಹಳೆ ಹಂಚಿನ ಮನೆ ಸೋರಲು ಶುರುವಾದರೆ ಬಂದವರೆಲ್ಲ ಹೇಳುವುದು ಒಂದೇ: ‘ಕೆಡವಿ ಆರ್‌ಸಿಸಿ ಹಾಕ್ಸಿಬಿಡಿ’. ಮಲೆನಾಡಿನ ನಮ್ಮ ಮನೆಗೂ ಈ ಸಲಹೆ ಬಂದಿತ್ತು. ಕೆಡವಲಿಲ್ಲ. ಕೈಯಲ್ಲಿದ್ದ ದುಡ್ಡಿನಲ್ಲಿ ಮೂರು ಬೇಸಿಗೆ ಸ್ವಲ್ಪ ಸ್ವಲ್ಪವೇ ಕೆಲಸ ಮಾಡಿಸಿದೆವು.

ಮೊದಲ ಕೆಲಸಕ್ಕೆ ಖರ್ಚೇ ಇಲ್ಲ. ಜೋರು ಮಳೆ ಬರುವಾಗ ಟಾರ್ಚು, ಸೀಮೆಸುಣ್ಣ ಹಿಡಿದು ಅಟ್ಟ ಹತ್ತಿ. ಹನಿ ಬಿದ್ದ ಜಾಗದ ಮೇಲೆಯೇ ಹಂಚು ಒಡೆದಿರುತ್ತದೆ ಅಂದುಕೊಳ್ಳಬೇಡಿ. ನೀರು ಪಕಾಸಿನ (ಹಂಚನ್ನು ಹೊರುವ ಇಳಿಜಾರು ಮರ) ಮೇಲೆ ಹರಿದು ಎಲ್ಲೋ ಕೆಳಗೆ ತೊಟ್ಟಿಕ್ಕುತ್ತದೆ. ಒದ್ದೆ ಗೆರೆ ಹಿಡಿದು ಮೇಲಕ್ಕೆ ಹೋಗಿ, ಶುರುವಾದಲ್ಲಿ ಗುರುತು ಹಾಕಿ.

ಬೇಸಿಗೆಯಲ್ಲಿ ಹಂಚು ಇಳಿಸಿ. ತೊಳೆದು ಬೆರಳಿನಿಂದ ತಟ್ಟಿ. ಗಟ್ಟಿ ಹಂಚು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಬದಲಿ ಹಂಚು ತರುವಾಗ ಹುಷಾರು. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಬೇರೆ ಕಾರ್ಖಾನೆಗಳೂ ಹುಟ್ಟಿಕೊಂಡವು. ಒಬ್ಬರ ಅಚ್ಚಿನ ಹಂಚು ಇನ್ನೊಬ್ಬರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ಹಂಚಿನ ಮೇಲೆ ಒತ್ತಿದ ಹೆಸರು ನೋಡಿ, ಅದೇ ಹೆಸರಿನದ್ದನ್ನು ಕೆಡವಿದ ಮನೆಗಳಿಂದ ಕೊಳ್ಳಿ. ಸಿಗದಿದ್ದರೆ ನಿಮ್ಮ ಒಳ್ಳೆ ಹಂಚನ್ನೆಲ್ಲ ಮುಂದಿನ ಮಾಡಿಗೆ (ಚಾವಣಿಯ ಇಳಿಜಾರಿಗೆ) ಸೇರಿಸಿ, ಹಿಂದಿನ ಮಾಡಿಗೆ ಪೂರ್ತಿ ಬೇರೆ ಹಂಚು ಹೊದೆಸಿ. ರಸ್ತೆಯಿಂದ ನೋಡಿದವರಿಗೆ ಮನೆ ಹಾಗೇ ಇರುತ್ತದೆ.

ಪಕಾಸು ಲಡ್ಡಾಗುವುದು ಹೆಚ್ಚಾಗಿ ಗೋಡೆಗೆ ತಾಗುವ ತುದಿಯಲ್ಲಿ. ಪೂರ್ತಿ ಬದಲಿಸುವ ಮೊದಲು, ಕೊಳೆತಷ್ಟು ಕತ್ತರಿಸಿ ಹೊಸ ತುಂಡು ಬೆಸೆಯಲು ಆಗುತ್ತದಾ ಎಂದು ಆಚಾರಿಯನ್ನು ಕೇಳಿ. ಗೆದ್ದಲಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಬಹುದು. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗವಸು ಬೇಕೇ ಬೇಕು.

ಈಗ ಗೋಡೆ. ನಾವು ತಪ್ಪು ಮಾಡಿದ್ದು ಇಲ್ಲೇ. ಬಚ್ಚಲ ಪಕ್ಕದ ಮಣ್ಣಿನ ಗೋಡೆಗೆ ‘ಗಟ್ಟಿಯಾಗಲಿ’ ಅಂತ ಸಿಮೆಂಟ್ ಗಿಲಾವು ಮಾಡಿಸಿದೆವು. ಎರಡು ಮಳೆಗಾಲ ಚೆನ್ನಾಗಿತ್ತು. ಮೂರನೆಯದರಲ್ಲಿ ಹಪ್ಪಳದ ಹಾಗೆ ಉಬ್ಬಿ, ಒಂದು ಬೆಳಗ್ಗೆ ಮೊರದಗಲದ ಚೂರು ಕೆಳಗೆ ಬಿತ್ತು. ಹಿಂದಿನ ಮಣ್ಣು ಕೈ ಹಾಕಿದರೆ ಹಿಟ್ಟಿನ ಮುದ್ದೆ. ಮಣ್ಣಿನ ಗೋಡೆ ಹೀರಿದ ತೇವ ಮತ್ತೆ ಗಾಳಿಗೆ ಆರಬೇಕು. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ.

ಸುಣ್ಣದ ಗಾರೆಯೇ ಸರಿ. ಸುಟ್ಟ ಸುಣ್ಣವನ್ನು ಮಕ್ಕಳು ಸುಳಿಯದ ಕಡೆ ನೀರಿಗೆ ಹಾಕಿ (ಕೊತಕೊತ ಕುದಿಯುತ್ತದೆ), ಕನಿಷ್ಠ 15 ದಿನ ನೆನೆಯಲು ಬಿಡಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಎರಡು ಸಲ ಬಳಿಯಿರಿ. ಮೇಸ್ತ್ರಿ ‘ಸ್ವಲ್ಪ ಸಿಮೆಂಟ್ ಸೇರ್ಸೋಣ’ ಅಂದೇ ಅನ್ನುತ್ತಾರೆ. ಒಪ್ಪಬೇಡಿ. ಮೇಲೆ ಪ್ಲಾಸ್ಟಿಕ್ ಪೇಂಟೂ ಬೇಡ, ಸುಣ್ಣ ಸಾಕು.

ವೈರಿಂಗ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಹಳೆಯದನ್ನು ಪೂರ್ತಿ ತೆಗೆಸಿ, ಅರ್ಥಿಂಗ್ ಮಾಡಿಸಿ. ವೈರಿನ ಪೈಪಿಗಾಗಿ ಮಣ್ಣಿನ ಗೋಡೆ ಕೊರೆಯುವ ಬದಲು ತೊಲೆಯ ಪಕ್ಕದಲ್ಲೇ ಸಾಗಿಸಬಹುದು. ಹೊಸ ಬಚ್ಚಲು ಬೇಕಿದ್ದರೆ ಹಿತ್ತಲ ಕಡೆ ಬೇರೆಯಾಗಿಯೇ ಕಟ್ಟಿಸಿ.

ಕೆಂಪು ಕಾವಿ ನೆಲದ ಮೇಲೆ ಟೈಲ್ಸ್ ಹಾಕಿಸಿದರೆ ಬಾಗಿಲು ಅಡಿಗೆ ತಾಗುತ್ತದೆ, ಹೊಸಿಲು ತಗ್ಗುತ್ತದೆ. ಬಿರುಕು ಬಿಟ್ಟಲ್ಲಿ ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ ತುಂಬಿ, ಒಂದು ವಾರ ಒದ್ದೆ ಗೋಣಿ ಹೊದೆಸಿ. ಬಣ್ಣ ಪಕ್ಕಾ ಹೊಂದುವುದಿಲ್ಲ, ಬಿಡಿ. ಆಗಾಗ ಕೊಬ್ಬರಿ ಎಣ್ಣೆ ಹಾಕಿ ಉಜ್ಜುತ್ತಿದ್ದರೆ ಹೊಳಪು ಬರುತ್ತದೆ.

ನಡುಮನೆ ಕತ್ತಲಾದರೆ ಕಿಟಕಿ ಒಡೆಸಲು ಹೋಗಬೇಡಿ. ಎರಡು ಗಾಜಿನ ಹಂಚು ಹಾಕಿದರೆ ಸಾಕು. ಸೌದೆ ಒಲೆಯ ನೇರಕ್ಕೆ ಮಾತ್ರ ಬೇಡ, ಹೊಗೆಗೆ ಬೇಗ ಕಪ್ಪಾಗುತ್ತದೆ.